ಪತ್ರಾದ ಮನೆಯ ಲೆಕ್ಕ



ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ನೀವು ಎಲ್ಲಿ ಕೂತಿರುತ್ತೀರಿ? ಮನೆಯೊಳಗೋ, ಬೇವಿನ ಗಿಡದ ಕೆಳಗೋ? ನಮ್ಮ ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಪತ್ರಾದ ಮನೆಯೊಳಗೆ ಕೂಡಲು ಆಗುವುದಿಲ್ಲ. ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ ತಿರುಗುತ್ತದೆ. ಬಿಲ್ ಮಾತ್ರ ಬರುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಮೊದಲು ಅವರದು ಮಣ್ಣಿನ ಮಾಳಿಗೆ ಮನೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಬೇಕಿತ್ತು. ಮಣ್ಣು ಹೊರುವವರು ಸಿಗಲಿಲ್ಲ. ಮಾಳಿಗೆ ಸೋರಿತು. ಸಾಲ ಮಾಡಿ ಪತ್ರಾ ಹಾಕಿಸಿದರು. ಸೋರುವುದು ನಿಂತಿತು, ಆದರೆ ಸೆಕೆ ಶುರುವಾಯಿತು. ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಯಂತ್ರದ ಮುಂದೆ ಕೂಡಲು ಆಗುವುದಿಲ್ಲ. ದಿನಕ್ಕೆ ನಾಲ್ಕು ತಾಸಿನ ಗಳಿಕೆ ಹೋಯಿತು.

"ಅಕ್ಕೋರ, ಸಾಲ ತೀರಿಸಬೇಕಂದ್ರ ಹೊಲೀಬೇಕು. ಹೊಲೀಬೇಕಂದ್ರ ಮನಿಯಾಗ ಕೂಡಾಕ ಆಗಂಗಿಲ್ಲ. ಏನ್ ಮಾಡೂದ್ರಿ?" ಎಂದು ಅವರು ಕೇಳಿದರು.

ಈ ಪಾಠ ಅವರ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮೊದಲು ಅವರ ಸಾಲದ ಕಾಗದ ನೋಡೋಣ. ಅದಕ್ಕೆ ಅವರು ಹೆಬ್ಬೆಟ್ಟು ಒತ್ತಿದ್ದರು. ಈಗ ಅವರಿಗೆ ಓದಲು ಬರುತ್ತದೆ. ತರಗತಿಯಲ್ಲಿ ಅವರೇ ಅಂಕಿಗಳನ್ನು ಓದಿದರು. ಸಾಲ 20,000 ರೂಪಾಯಿ. "ನೂರಕ್ಕೆ ಎರಡೇ ರೂಪಾಯಿ" ಎಂದು ಸಾಲ ಕೊಟ್ಟವರು ಹೇಳಿದ್ದರಂತೆ. ಎರಡು ರೂಪಾಯಿ ತಿಂಗಳಿಗೆ! ಅಂದರೆ ವರ್ಷಕ್ಕೆ ನೂರಕ್ಕೆ 24. ಇನ್ನೊಂದು ಮಾತನ್ನು ಅವರು ಹೇಳಿರಲಿಲ್ಲ. ಅಸಲು ಕಡಿಮೆಯಾಗುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 20,000ದ ಮೇಲೆಯೇ. ತಿಂಗಳಿಗೆ 400 ರೂಪಾಯಿ ಬಡ್ಡಿ, 1,000 ಅಸಲು. ಹೀಗೆ 20 ತಿಂಗಳು. ಬಡ್ಡಿಯೇ 8,000 ರೂಪಾಯಿ ಆಯಿತು.

ಇದೇ 20,000ವನ್ನು ಬಚತ ಗಟದಿಂದ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದು ಪಡೆದಿದ್ದರೆ? ಮೊದಲ ತಿಂಗಳು ಬಡ್ಡಿ 200. ಎರಡನೇ ತಿಂಗಳು ಉಳಿದ ಅಸಲು 19,000, ಬಡ್ಡಿ 190. ಮೂರನೇ ತಿಂಗಳು 180. ಕೊನೆಯ ತಿಂಗಳು ಬರೀ 10 ರೂಪಾಯಿ. ಎಲ್ಲ ಕೂಡಿಸಿದರೆ 2,100. ಎಂಟು ಸಾವಿರ ಎಲ್ಲಿ, ಎರಡು ಸಾವಿರದ ನೂರು ಎಲ್ಲಿ! ಬೋರ್ಡಿನ ಮೇಲೆ ಈ ಲೆಕ್ಕ ಬರೆದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಆದ್ದರಿಂದ ಮನೆ ದುರಸ್ತಿಗೆ ಸಾಲ ಮಾಡುವಾಗ ಎರಡು ಪ್ರಶ್ನೆ ಕೇಳಿ. ಬಡ್ಡಿ ತಿಂಗಳಿಗೋ, ವರ್ಷಕ್ಕೋ? ಬಡ್ಡಿ ಪೂರ್ತಿ ಸಾಲದ ಮೇಲೋ, ಉಳಿದ ಸಾಲದ ಮೇಲೋ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಈಗ ಮನೆಯ ಕಡೆ ಬರೋಣ.

ಬಿಸಿಲಿನಲ್ಲಿ ಕರಿ ಕಲ್ಲಿನ ಮೇಲೆ ಬರಿಗಾಲು ಇಟ್ಟು ನೋಡಿ. ಆಮೇಲೆ ಸುಣ್ಣ ಬಳಿದ ಕಟ್ಟೆಯ ಮೇಲೆ ಇಡಿ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಬಿಳಿ ಬಣ್ಣ ಬಿಸಿಲನ್ನು ತಿರುಗಿ ಕಳಿಸುತ್ತದೆ. ಕಪ್ಪು ಬಣ್ಣ, ತುಕ್ಕು ಹಿಡಿದ ತಗಡು ಬಿಸಿಲನ್ನು ನುಂಗುತ್ತವೆ. ಹಾಗಾಗಿ ಮಾಳಿಗೆಯ ಮೇಲ್ಭಾಗ ಬೆಳ್ಳಗಿದ್ದರೆ ಒಳಗೆ ಸೆಕೆ ಕಡಿಮೆ. ಸಾಮಾನ್ಯವಾಗಿ 2ರಿಂದ 5 ಡಿಗ್ರಿಯವರೆಗೆ ಇಳಿಯುತ್ತದೆ. ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ಬಹಳ ಜನ ಸತ್ತರು. ಆ ನಗರ 2013ರಲ್ಲಿ ಬಿಸಿಲನ್ನು ಎದುರಿಸುವ ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿಯುವ ಕೆಲಸವನ್ನೂ ಕೈಗೊಂಡಿತು. ನಮ್ಮ ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು.

ನಿಮ್ಮದು ಸ್ಲ್ಯಾಬಿನ ಮನೆಯಾದರೆ ಸುಣ್ಣವೇ ಸಾಕು. ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟ್, ಸ್ವಲ್ಪ ಅಂಟು ಕೂಡಿಸಿ ಎರಡು ಸಲ ಬಳಿಯಿರಿ. ಮಳೆಗೆ ಇದು ತೊಳೆದು ಹೋಗುತ್ತದೆ. ಪ್ರತಿ ವರ್ಷ ಫೆಬ್ರುವರಿ, ಮಾರ್ಚ್‌ನಲ್ಲಿ ಮತ್ತೆ ಬಳಿಯಬೇಕು. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು.

ಪತ್ರಾಕ್ಕೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬಿಸಿಲು ತಡೆಯುವ ಬಿಳಿ ಬಣ್ಣ ಬೇರೆ ಸಿಗುತ್ತದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಬಳಿಯುವ ಮುಂಚೆ ತುಕ್ಕು ಕೆರೆದು ತೊಳೆಯಬೇಕು. ಆದರೆ ಸಿಮೆಂಟ್ ಪತ್ರಾ ಇದ್ದರೆ ಕೆರೆಯಬೇಡಿ. ಹಳೆಯ ಸಿಮೆಂಟ್ ಪತ್ರಾದಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಅದರ ಮೇಲೆ ಕಾಲಿಡಲೂ ಬೇಡಿ, ಮುರಿದು ಕೆಳಗೆ ಬಿದ್ದವರು ಇದ್ದಾರೆ.

ನಮ್ಮ ಹಿರಿಯರು ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಬರೀ ಬೆಳಕಿಗಲ್ಲ, ಬಿಸಿ ಗಾಳಿ ಮೇಲಕ್ಕೆ ಏರಿ ಹೊರಗೆ ಹೋಗಲಿ ಎಂದು. ಪತ್ರಾ ಹಾಕಿದಾಗ ನಾವು ಅದನ್ನೇ ಮರೆತೆವು. ಘರಕುಲ ಯೋಜನೆಯಲ್ಲಿ ಮನೆ ಕಟ್ಟಿಸುವವರು ಗೌಂಡಿಗೆ ಮೊದಲೇ ಹೇಳಿ. ಎದುರು ಬದುರು ಕಿಟಕಿ, ಮೇಲೊಂದು ಕಿಂಡಿ. ಮೊದಲೇ ಹೇಳಿದರೆ ಹೆಚ್ಚಿನ ಖರ್ಚಿಲ್ಲ. ಆಮೇಲೆ ಗೋಡೆ ಒಡೆಯುವುದು ಕಷ್ಟ.

ಇನ್ನು ಬಿಲ್. ನಮ್ಮ ಬಿಲ್ ಮರಾಠಿಯಲ್ಲಿರುತ್ತದೆ. ಹೆದರಬೇಡಿ. 'ಚಾಲೂ ರೀಡಿಂಗ್' ಎಂದರೆ ಈ ಸಲದ ಅಂಕಿ, 'ಮಾಗೀಲ ರೀಡಿಂಗ್' ಎಂದರೆ ಹಿಂದಿನ ಅಂಕಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಯೂನಿಟ್ ಬರುತ್ತದೆ. ನೂರು ಯೂನಿಟ್‌ವರೆಗೆ ಒಂದು ದರ, ನೂರು ದಾಟಿದ ಯೂನಿಟ್‌ಗಳಿಗೆ ಹೆಚ್ಚಿನ ದರ. ನೂರರೊಳಗೆ ನಿಲ್ಲುವುದರಲ್ಲೇ ಲಾಭವಿದೆ.

ಹಳೆ ಫ್ಯಾನ್ ಸುಮಾರು 75 ವ್ಯಾಟಿನದು. ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 27 ಯೂನಿಟ್. ಈಗ ಬಿಎಲ್‌ಡಿಸಿ ಎಂಬ ಫ್ಯಾನ್ ಬಂದಿದೆ. ಅದು 30 ವ್ಯಾಟಿನ ಆಸುಪಾಸು. ಅಷ್ಟೇ ತಾಸು ಓಡಿದರೆ 11 ಯೂನಿಟ್ ಒಳಗೆ. ಅಂದರೆ 16 ಯೂನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್ ಮೇಲೆ ಸ್ಟಾರ್ ಗುರುತು ಕಡ್ಡಾಯ. ಸ್ಟಾರ್ ಹೆಚ್ಚಿದ್ದಷ್ಟೂ ಕರೆಂಟ್ ಕಡಿಮೆ. ಬಲ್ಬಿನ ಮಾತು ಬಹಳ ಹೇಳಬೇಕಿಲ್ಲ. 60 ವ್ಯಾಟಿನ ಹಳದಿ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

ಇದೆಲ್ಲ ಒಬ್ಬರೇ ಮಾಡಿದರೆ ತುಟ್ಟಿ. ಹತ್ತು ಮಂದಿ ಸೇರಿದರೆ? ಒಂದು ಮನೆಗೆ ಬಣ್ಣ, ಕೂಲಿ ಸೇರಿ 3,000 ರೂಪಾಯಿ ಎಂದು ಇಟ್ಟುಕೊಳ್ಳಿ. ಹತ್ತು ಮನೆಗೆ 30,000. ಹತ್ತು ಮನೆಯ ಬಣ್ಣ ಒಟ್ಟಿಗೆ ಕೇಳಿದರೆ ಅಂಗಡಿಯವರು ಬೆಲೆ ಇಳಿಸುತ್ತಾರೆ. ಬಳಿಯುವವರೂ ಒಂದೇ ಓಣಿಯಲ್ಲಿ ಹತ್ತು ಮನೆ ಸಿಕ್ಕರೆ ಕೂಲಿ ಕಡಿಮೆ ಹೇಳುತ್ತಾರೆ. ಗುಂಪಿಗೆ ಬ್ಯಾಂಕ್ ಸಾಲ ಕೊಡುವ ಪದ್ಧತಿಯನ್ನು ನಬಾರ್ಡ್ 1992ರಲ್ಲಿ 500 ಗುಂಪುಗಳಿಂದ ಶುರು ಮಾಡಿತು. ಇಂದು ನಮ್ಮ ಓಣಿಯ ಗಟಗಳೂ ಅದೇ ದಾರಿಯಲ್ಲಿವೆ. ಸಾಲ ಬರೀ ಎಮ್ಮೆ, ಕುರಿಗೆ ಅಲ್ಲ. ತಂಪಾದ ಮನೆಯಲ್ಲಿ ನಾಲ್ಕು ತಾಸು ಹೆಚ್ಚು ಹೊಲಿದರೆ ಅದೂ ಗಳಿಕೆಯೇ ಎಂದು ಬ್ಯಾಂಕಿನವರಿಗೆ ಲೆಕ್ಕ ಬರೆದು ತೋರಿಸಿ.

ಗಟದ ಸಭೆಯಲ್ಲಿ ಠರಾವು ಬರೆಯಿರಿ. ಯಾರಿಗೆ ಎಷ್ಟು, ಕಂತು ಎಷ್ಟು, ಯಾವ ತಾರೀಖು. ಮೂರು ಅಂಗಡಿಯ ಕೊಟೇಶನ್ ತರಿಸಿ. ಕೆಲಸದವರಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ. ಒಂದು ಪಾಲು ಶುರುವಿಗೆ, ಒಂದು ಪಾಲು ಮೊದಲ ಬಳಿತ ಆದ ಮೇಲೆ, ಉಳಿದದ್ದು ಎಂಟು ದಿನ ನೋಡಿ. ಯಾರ ಮನೆ ಮೊದಲು ಎಂಬ ಜಗಳ ಬಂದೇ ಬರುತ್ತದೆ. ಚೀಟಿ ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಬಾಣಂತಿ, ಹಾಸಿಗೆ ಹಿಡಿದ ಮುದುಕರು ಇರುವ ಮನೆ ಮೊದಲಾಗಲಿ.

ಸೋಲಾರ್ ಬಗ್ಗೆಯೂ ಕೇಳುತ್ತೀರಿ. 2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ ಸಹಾಯಧನ ಎಂದು ಗೊತ್ತು ಮಾಡಿತು. ಹಣ ಸೋಲಾರ್ ಕೂಡಿಸಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. "ಸಬ್ಸಿಡಿ ಬಿಡಿಸಿ ಕೊಡ್ತೀನಿ, ಮೊದಲು ರೊಕ್ಕ ಕೊಡ್ರಿ" ಎನ್ನುವವರಿಗೆ ಕೊಡಬೇಡಿ. ಅರ್ಜಿ ಹಾಕುವ ಮುಂಚೆ ಈಗಿನ ನಿಯಮವನ್ನು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ. ನನ್ನ ಮಾತು ಕೇಳುವುದಾದರೆ, ತಿಂಗಳಿಗೆ 60, 70 ಯೂನಿಟ್ ಸುಡುವ ಮನೆಗೆ ಇದು ಮೊದಲ ಕೆಲಸವಲ್ಲ. ಮೊದಲು ಮಾಳಿಗೆ, ಆಮೇಲೆ ಫ್ಯಾನ್.

ಹೊಲಿಗೆಯ ಅಕ್ಕನ ಹಳೆ ಸಾಲ ಇನ್ನೂ ಐದು ಕಂತು ಉಳಿದಿದೆ. ಗಟದವರು ಬಣ್ಣದ ಸಾಲವನ್ನು ಆ ಕಂತು ಮುಗಿದ ಮೇಲೆ ಕಟ್ಟಲು ಒಪ್ಪಿದ್ದಾರೆ. ಠರಾವನ್ನು ಅವರೇ ಬರೆದರು. ಕೆಳಗೆ ಸಹಿ ಹಾಕಿದರು.

ಲೆಕ್ಕ ಮಾಡಿ:

ಸಾಲ 10,000 ರೂಪಾಯಿ. ತಿಂಗಳಿಗೆ 1,000 ಅಸಲು. ಉಳಿದ ಅಸಲಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಮೊದಲ ತಿಂಗಳ ಬಡ್ಡಿ ಎಷ್ಟು? ಹತ್ತು ತಿಂಗಳಿಗೆ ಒಟ್ಟು ಬಡ್ಡಿ ಎಷ್ಟು?

ನಿಮ್ಮ ಮನೆಯ ಬಿಲ್ ತೆಗೆಯಿರಿ. ಎಷ್ಟು ಯೂನಿಟ್? ನೂರರ ಒಳಗೋ, ಹೊರಗೋ? ಮುಂದಿನ ತರಗತಿಗೆ ಬಿಲ್ ತನ್ನಿ.