ಶೇಂಗಾದ ಬೂಷ್ಟು ಮತ್ತು ಪಿತ್ತಜನಕಾಂಗದ ಕ್ಯಾನ್ಸರ್

ಶೇಂಗಾ ಕಾಯಿ ಒಡೆಸಿದ ಮೇಲೆ ದಪ್ಪ ಕಾಳು ಮಂಡಿಗೆ ಹೋಗುತ್ತದೆ. ಸುಕ್ಕುಗಟ್ಟಿದ, ಒಡೆದ, ಬಣ್ಣಗೆಟ್ಟ ಕಾಳು ಮನೆಯ ಚಟ್ನಿಪುಡಿಗೋ, ಗಾಣಕ್ಕೋ, ಹಸುವಿನ ಬಾನಿಗೋ ಸೇರುತ್ತದೆ. ಅನೇಕ ಒಕ್ಕಲು ಮನೆಗಳಲ್ಲಿರುವ ಈ ರೂಢಿ ನೋಡಲು ಮಿತವ್ಯಯದ್ದೇ. ಆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹೆಚ್ಚಾಗಿ ಸೇರಿಕೊಂಡಿರುವುದು ಹೀಗೆ ಆರಿಸಿ ತೆಗೆದ ಕಾಳಿನಲ್ಲಿಯೇ.

ಈ ವಿಷವನ್ನು ಉಂಟುಮಾಡುವುದು ಮಣ್ಣಿನಲ್ಲಿರುವ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ತಿನ್ನಿಸಿದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯನ್ನು ಪರೀಕ್ಷಿಸಿದಾಗ ವಿಷದ ಮೂಲ ತಿಳಿದುಬಂತು. ಮೈಸೂರಿನಿಂದ 1971ರಲ್ಲಿ ಪ್ರಕಟವಾದ ವರದಿಯೊಂದು ಇನ್ನೂ ಮನ ಕಲಕುವಂಥದು: ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಪುಷ್ಟಿ ಬರಲೆಂದು ಕೊಟ್ಟ ಶೇಂಗಾ ಹಿಟ್ಟಿನಲ್ಲಿಯೇ ಈ ವಿಷವಿದ್ದು, ಅವರ ಪಿತ್ತಜನಕಾಂಗ ಕೆಟ್ಟಿತ್ತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ವಾರಗಟ್ಟಲೆ ಉಂಡ 397 ಜನರಿಗೆ ಕಾಮಾಲೆ, ಹೊಟ್ಟೆಯುಬ್ಬರ ಕಾಣಿಸಿಕೊಂಡು 106 ಮಂದಿ ಸತ್ತರು. ಅದೇ ಮನೆಗಳ ಅನ್ನ ತಿಂದ ನಾಯಿಗಳೂ ಉಳಿಯಲಿಲ್ಲ.

ಇಂಥ ಸಾವು ಕಣ್ಣಿಗೆ ಕಾಣುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಸೇರುವ ವಿಷದ ಕೆಲಸ ಕಾಣುವುದಿಲ್ಲ. ಪಿತ್ತಜನಕಾಂಗದಲ್ಲಿ ಅದು ರೂಪಾಂತರಗೊಂಡು ಜೀವಕೋಶದ ವಂಶವಾಹಿಗೆ ಅಂಟಿಕೊಳ್ಳುತ್ತದೆ. ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಪಿ-53 ಎಂಬ ವಂಶವಾಹಿಯ ಒಂದು ನಿರ್ದಿಷ್ಟ ಸ್ಥಾನ ಕೆಟ್ಟಿರುವುದನ್ನು 1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕದ ರೋಗಿಗಳ ಗಡ್ಡೆಗಳಲ್ಲಿ ಗುರುತಿಸಲಾಯಿತು. ಶಾಂಘೈ ನಗರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೂತ್ರದಲ್ಲಿ ಅಫ್ಲಾಟಾಕ್ಸಿನ್ನಿನ ಗುರುತು ಕಂಡವರಿಗೆ ಪಿತ್ತಜನಕಾಂಗದ ಕ್ಯಾನ್ಸರಿನ ಅಪಾಯ ಸುಮಾರು 3 ಪಟ್ಟು, ಹೆಪಟೈಟಿಸ್-ಬಿ ಸೋಂಕಿದ್ದವರಿಗೆ 7 ಪಟ್ಟು ಹೆಚ್ಚು. ಎರಡೂ ಕೂಡಿದವರಿಗೆ ಅದು 59 ಪಟ್ಟು! ಆದ್ದರಿಂದ ಮಕ್ಕಳಿಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸುವುದೂ ಈ ವಿಷದ ವಿರುದ್ಧ ಒಂದು ರಕ್ಷಣೆಯೇ.

ಹುರಿದರೆ, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಅದು ಕೊಂಚ ಕಡಿಮೆಯಾದೀತು, ನಾಶವಾಗದು. ಗಾಣದಲ್ಲಿ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಒಂದೆರಡು ದಿನದೊಳಗೆ ವಿಷದ ಅಂಶ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗದು.

ಶಿಲೀಂಧ್ರ ಹೊಲದಲ್ಲಿಯೇ ಕಾಯಿಯನ್ನು ಹೊಕ್ಕಿರುತ್ತದೆ. ಚಿತ್ರದುರ್ಗ, ಪಾವಗಡದ ಕಡೆಯ ಮಳೆಯಾಶ್ರಿತ ಬೆಳೆಗೆ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ, ಅಥವಾ ಗೆದ್ದಲು ಕಾಯಿ ಕೊರೆದರೆ ಇದರ ಹಾವಳಿ ಹೆಚ್ಚು. ಆ ಸಮಯದಲ್ಲಿ ಒಂದು ನೀರು ಕೊಡಲು ಸಾಧ್ಯವಿದ್ದವರು ತಪ್ಪದೆ ಕೊಡುವುದು ಒಳ್ಳೆಯದು. ಬಲಿತ ಬೆಳೆಯನ್ನು ತಡಮಾಡದೆ ಕಿತ್ತು, ಕಾಯಿ ಮೇಲೆ ಬರುವಂತೆ ಬಳ್ಳಿಯನ್ನು ಮಗುಚಿ ಬಿಸಿಲಿಗೆ ಒಣಗಿಸಬೇಕು. ಹಸಿಯಾಗಿ ರಾಶಿ ಹಾಕಬಾರದು. ಕಾಯಿಯ ತೇವಾಂಶ ಶೇ. 8ಕ್ಕೆ ಇಳಿಯಬೇಕು, ಅಲುಗಿಸಿದರೆ ಒಳಗಿನ ಕಾಳು ಗಲಗಲ ಎನ್ನಬೇಕು.

ಕಾಳು ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸಿ ಯಂತ್ರಕ್ಕೆ ಹಾಕುವ ಪದ್ಧತಿಯನ್ನು ಕೈಬಿಡತಕ್ಕದ್ದು. ಒಣಗಿಸಲು ಪಟ್ಟ ಶ್ರಮವೆಲ್ಲ ಇದರಿಂದ ಒಂದೇ ದಿನದಲ್ಲಿ ವ್ಯರ್ಥವಾಗುತ್ತದೆ. ಚೀಲಗಳನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲೆ ಅಟ್ಟಿ ಹಾಕಬೇಕು. ಆರಿಸಿ ತೆಗೆದ ಬೂಷ್ಟು ಕಾಳನ್ನು, ಅದು ಎಷ್ಟೇ ಸೇರಾಗಲಿ, ಮನೆಗೂ ಕೊಟ್ಟಿಗೆಗೂ ಒಯ್ಯದೆ ಆಳವಾಗಿ ಹೂಳಬೇಕು.