ಬಣ್ಣಕ್ಕೆ ಮೊದಲು ತಗಡಿನ ಲೆಕ್ಕ

ಮಾರಿದರೆ ಎರಡು ಲಕ್ಷ ಹುಟ್ಟುವುದೂ ಕಷ್ಟ, ಅಂಥ 1986ರ ಪ್ರೀಮಿಯರ್ ಪದ್ಮಿನಿಯ ಟಿಂಕರಿಂಗ್ ಒಂದಕ್ಕೇ 1,60,000 ರೂಪಾಯಿ ಕೊಟ್ಟಿದ್ದೇನೆ. ಬಣ್ಣದ ಖರ್ಚು ಬೇರೆ. ಎಸ್‌ಐಪಿ, ಟರ್ಮ್ ಇನ್ಶೂರೆನ್ಸ್ ಎಂದು ಊರಿಗೆಲ್ಲ ಹೇಳುವವರು ಹೀಗೆ ಮಾಡಬಹುದೇ ಎಂದು ಮನೆಯಲ್ಲೂ ಕೇಳಿದರು, ಸ್ನೇಹಿತರೂ ಕೇಳಿದರು. ಮಾಡಬಹುದು. ಸಾಲ ಮಾಡದೆ, ಕೈಯಲ್ಲಿದ್ದ ದುಡ್ಡಿನಲ್ಲಿ, ಲೆಕ್ಕ ಹಾಕಿಯೇ ಮಾಡಿಸಿದ್ದು. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ. ಹಳೆ ಕಾರು ಕೊಳ್ಳುವವರು ಇಂಜಿನ್ನಿನ ಸದ್ದು ಕೇಳಿ ಬೆಲೆ ಕಟ್ಟುತ್ತಾರೆ, ಬಣ್ಣ ನೋಡಿ ಅಡ್ವಾನ್ಸ್ ಕೊಡುತ್ತಾರೆ, ತಗಡಿನ ಕಡೆ ಕಣ್ಣು ಹಾಯಿಸುವುದೇ ಇಲ್ಲ.

ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಓಡಾಟ ನಿಂತ ಮೇಲೆ ಈ ಕಾರನ್ನು ವಿಚಾರಿಸುವವರು ನನ್ನ ಪರಿಚಯದಲ್ಲೇ ಹೆಚ್ಚಿದ್ದಾರೆ. ಅವರಿಗೆ ನಾನು ಹೇಳುವ ಮೊದಲ ಮಾತು: ಇಂಜಿನ್ನಿಗೆ ಹೆದರಬೇಡಿ. ಆ 1089 ಸಿಸಿ ಇಂಜಿನ್ ಬಿಚ್ಚಿ ಜೋಡಿಸಲು ಬಲ್ಲ ಮೆಕ್ಯಾನಿಕ್‌ಗಳು ಇನ್ನೂ ಸಿಗುತ್ತಾರೆ, ಅದರ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ಬಾಡಿಯದು ಹಾಗಲ್ಲ. ಜೀಪಿಗಿರುವಂತೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಫ್ಲೋರು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಸಿಲ್, ಪಿಲ್ಲರುಗಳು, ಇವೇ ಸೇರಿ ಭಾರ ಹೊರುತ್ತವೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂಡ ಬಾಡಿಗೇ ಜೋತುಕೊಂಡಿದೆ. ಫ್ಲೋರು ತುಕ್ಕು ತಿಂದಿದೆ ಎಂದರೆ ಕಾರಿನ ಬೆನ್ನೆಲುಬೇ ಸವೆದಿದೆ ಎಂದರ್ಥ.

ನನ್ನ ಕಾರು ಬಂದದ್ದು ಕುಂದಾಪುರದ ಕಡೆಯಿಂದ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನಗಳಲ್ಲಿ ಉಪ್ಪಿನ ಗಾಳಿ. ಕಬ್ಬಿಣ ತುಕ್ಕು ಹಿಡಿಯಲು ನೀರು, ಗಾಳಿ ಎರಡೇ ಸಾಕು, ಉಪ್ಪು ಸೇರಿದರೆ ಆ ಕೆಲಸ ಬೇಗ ಮುಗಿಯುತ್ತದೆ. ಮೇಲಿನಿಂದ ನೋಡಿದರೆ ಎಡಗಡೆಯ ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಅಷ್ಟೇ. ಆದರೆ ಇಂಥ ಗುಳ್ಳೆ ಹೆಚ್ಚಾಗಿ ಒಳಗಿನಿಂದ ತಿನ್ನುತ್ತಾ ಬಂದ ತುಕ್ಕು ಹೊರಗೆ ಮುಖ ತೋರಿಸುವ ಹೊತ್ತು.

ಬೆಲೆ ಮಾತಾಡುವ ಮೊದಲು ಕಾರನ್ನು ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿದೆವು. ಟಿಂಕರ್ ಮ್ಯಾಟ್ ಎತ್ತಿದರು, ಡಿಕ್ಕಿಯಿಂದ ಸ್ಟೆಪ್ನಿ ತೆಗೆಸಿದರು. ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಬಾಡಿಯ ಮೇಲೆ ಆಡಿಸುತ್ತಾ ಹೋದರು. ಬಾಗಿಲ ಕೆಳಭಾಗಕ್ಕೆ ಬಂದಾಗ ಅದು ಹಿಡಿಯಲಿಲ್ಲ, ಅಲ್ಲಿ ತಗಡಿನ ಬದಲು ಪುಟ್ಟಿ ಇತ್ತು. ಆಮೇಲೆ ಸ್ಪಾನರಿನ ಹಿಂಭಾಗದಿಂದ ಸಿಲ್ ಉದ್ದಕ್ಕೂ ತಟ್ಟಿದರು. ಒಳ್ಳೆಯ ತಗಡು ಟಣ್ ಎನ್ನುತ್ತದೆ. ಡ್ರೈವರ್ ಬದಿಯದು ಒದ್ದೆ ರಟ್ಟಿನ ಹಾಗೆ ಟಪ್ ಎಂದಿತು. ಅಲ್ಲಿಗೆ ದಬ್ಬಳ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು, ಹೊರಗೆ ತೆಗೆದಾಗ ಕಂದು ಪುಡಿ ಉದುರಿತು. ಬ್ಯಾಟರಿ ಟ್ರೇ ಕೆಳಗೆ ಆ್ಯಸಿಡ್ ತಿಂದ ತೂತು, ಮುಂದಿನ ಗಾಜಿನ ರಬ್ಬರ್ ಅಂಚಿನಲ್ಲಿ ಕಂದು ಗೆರೆ, ಎರಡೂ ನಿರೀಕ್ಷಿಸಿದ್ದೇ. ಸ್ಪ್ರಿಂಗ್ ಹಿಡಿಯುವ ಜಾಗ ಮಾತ್ರ ಗಟ್ಟಿಯಿತ್ತು. ಅದೂ ಹೋಗಿದ್ದರೆ ನಾನು ಆ ಕಾರು ಕೊಳ್ಳುತ್ತಿರಲಿಲ್ಲ.

ಟಿಂಕರ್ ಎರಡು ರೇಟು ಹೇಳಿದರು. ತೂತಿದ್ದಲ್ಲಿ ಪ್ಯಾಚ್ ಹಾಕಿ, ಪುಟ್ಟಿ ಎಳೆದು ಕೊಡಲು 35,000. ತುಕ್ಕು ಹಿಡಿದದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಕೂರಿಸಲು 1,60,000. “ಪ್ಯಾಚ್ ಹಾಕಿ ಕೊಡ್ತೇನೆ, ಅದಕ್ಕೇನು? ಆದ್ರೆ ಮೂರು ಮಳೆಗಾಲ ಕಳೆದ್ರೆ ನೀವು ವಾಪಸ್ ಇಲ್ಲಿಗೇ ಬರುದು ಮಾರಾಯ್ರೆ. ವೆಲ್ಡ್ ಹಿಡಿಲಿಕ್ಕೆ ಒಳ್ಳೆ ತಗಡು ಬೇಕಲ್ಲ?” ಎಂದರು.

ಈಗ ಲೆಕ್ಕ. ಪ್ಯಾಚ್ ಮಾಡಿಸಿದರೆ ಇವತ್ತು 1,25,000 ಉಳಿಯುತ್ತದೆ. ಅದನ್ನು ಶೇ 7ರ ಎಫ್‌ಡಿಯಲ್ಲಿ ಇಡೋಣ, ಟಿಡಿಎಸ್ ಮರೆತುಬಿಡೋಣ. ಮೂರು ವರ್ಷಕ್ಕೆ ಅದು 1,53,130. ಆಗ ಎರಡನೇ ಪ್ಯಾಚ್. ಪಕ್ಕದ ತಗಡೂ ಹೋಗಿರುವುದರಿಂದ ಕೆಲಸ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ, 52,500. ಉಳಿದದ್ದು 1,00,630. ಇನ್ನು ಮೂರು ವರ್ಷ ಬಿಟ್ಟರೆ ಅದು 1,23,276. ಮೂರನೇ ಪ್ಯಾಚಿಗೆ 78,750 ಹೋದರೆ ಕೈಯಲ್ಲಿ 44,526. ಇಲ್ಲಿಯವರೆಗೂ ಪ್ಯಾಚ್ ಮಾಡಿಸಿದವರೇ ಲಾಭದಲ್ಲಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಒಂಬತ್ತನೇ ವರ್ಷ ನೋಡಿ. ಎಫ್‌ಡಿ 54,546ಕ್ಕೆ ಬಂದಿದೆ, ಪ್ಯಾಚಿನ ಬಿಲ್ 1,18,125. ಕೊರತೆ 63,579. ಕೂಲಿ ದರ ಒಂದು ರೂಪಾಯಿಯೂ ಏರಿಲ್ಲ ಎಂದುಕೊಂಡು ಹಾಕಿದ ಲೆಕ್ಕ ಇದು. ಪ್ರತಿ ಪ್ಯಾಚಿನ ಹಿಂದೆ ಬರುವ ಬಣ್ಣದ ಖರ್ಚನ್ನೂ ಸೇರಿಸಿಲ್ಲ. ಇಡೀ ಕೆಲಸ ಮಾಡಿಸಿದ ಮೇಲೆ ನನಗಿರುವುದು ಎರಡು ವರ್ಷಕ್ಕೊಮ್ಮೆ ಸಿಲ್ ಒಳಗೆ ವ್ಯಾಕ್ಸ್ ಹೊಡೆಸುವ ಸುಮಾರು 3,000 ರೂಪಾಯಿ. ಆರು ವರ್ಷದೊಳಗೆ ಕಾರು ಮಾರುವವರು ನನ್ನ ದಾರಿ ಹಿಡಿಯಬೇಡಿ. ನಾನು ಮಾರುವವನಲ್ಲ.

1,60,000ದಲ್ಲಿ ತಗಡಿನ ಬೆಲೆ ಏಳು ಸಾವಿರವೂ ಇಲ್ಲ, ಉಳಿದದ್ದೆಲ್ಲ ಕೂಲಿ. ಆ ಕೂಲಿ ಯಾಕೆಂದು ನಿಂತು ನೋಡಿದ್ದೇನೆ. ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿದರು. ಹಾಗೆ ಮಾಡದಿದ್ದರೆ ಕಾರು ನಡುವೆ ಜಗ್ಗುತ್ತದೆ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿದರು. ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿದರು. ಹೊಸ ತುಂಡನ್ನು ಒಮ್ಮೆಗೇ ಎಳೆದು ವೆಲ್ಡ್ ಮಾಡದೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಿಡಿಸಿ, ಆರಲು ಬಿಟ್ಟು ಮತ್ತೆ ಹಿಡಿಸಿದರು. ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ. ಕೊನೆಗೆ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಲರ್.

ಇಷ್ಟಾದ ಮೇಲೂ ಸರ್ವೀಸ್ ಸ್ಟೇಷನ್ನಿನವರೊಬ್ಬರು, “ಇದೆಲ್ಲ ಯಾಕೆ ಸಾರ್, ಐದು ಸಾವಿರಕ್ಕೆ ಅಂಡರ್‌ಬಾಡಿ ಕೋಟಿಂಗ್ ಹೊಡೆದುಕೊಡುತ್ತಿದ್ದೆವಲ್ಲ” ಎಂದರು. ಈ ಕಪ್ಪು ಕೋಟಿಂಗ್ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಶುದ್ಧ ತಗಡಿಗೆ, ಪ್ರೈಮರ್ ಮೇಲೆ ಹೊಡೆದರೆ ಸರಿ. ತುಕ್ಕಿನ ಮೇಲೆ ಬಳಿದರೆ ಒಳಗಿನ ತೇವ ಅಲ್ಲೇ ಕೂರುತ್ತದೆ, ತುಕ್ಕು ಕಣ್ಣಿಗೆ ಬೀಳದೆ ತಿನ್ನುತ್ತಾ ಹೋಗುತ್ತದೆ. ಮಾರುವವರಿಗೆ ಅದರಿಂದ ಅನುಕೂಲವೇ. ಹಳೆ ಕಾರಿನ ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಅದನ್ನು ಕೆರೆದು ನೋಡಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಎದ್ದು ಬನ್ನಿ.

ತುಕ್ಕಿಗೆ ಇನ್ಶೂರೆನ್ಸಿನಿಂದ ಬಿಡಿಗಾಸೂ ಬರುವುದಿಲ್ಲ, ಕಾಂಪ್ರಹೆನ್ಸಿವ್ ಇದ್ದರೂ ಅಷ್ಟೇ. 20 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 10,000 ರೂಪಾಯಿಗೆ ಏರಿಸಿದೆ, ಅದು ಐದು ವರ್ಷಕ್ಕೊಮ್ಮೆ. ಇವೆಲ್ಲ ಸೇರಿದರೆ ಈ ಕಾರು ಹೂಡಿಕೆಯಲ್ಲ. ನನ್ನ ಪುಸ್ತಕದಲ್ಲಿ ಅದು ಖರ್ಚಿನ ಕಾಲಮ್ಮಿನಲ್ಲೇ ಇದೆ.

ಆದರೂ ನಮ್ಮವರ ಅಭ್ಯಾಸ ನೋಡಿದರೆ ಬೇಸರವಾಗುತ್ತದೆ. ಭಾನುವಾರ ಬಾನೆಟ್ಟಿಗೆ ಪಾಲಿಶ್ ಹಾಕುತ್ತಾರೆ, ಬಾಗಿಲ ಅಡಿಯ ನೀರಿಳಿಯುವ ತೂತುಗಳಲ್ಲಿ ಕೆಸರು ತುಂಬಿರುವುದನ್ನು ನೋಡುವುದಿಲ್ಲ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ನಿಮ್ಮ ಮನೆಯಲ್ಲಿ ಹಳೆ ಕಾರಿದ್ದರೆ ಈ ವಾರವೇ ಮ್ಯಾಟ್ ಎತ್ತಿ ಫ್ಲೋರ್ ಮುಟ್ಟಿ ನೋಡಿ, ಆ ತೂತುಗಳಿಗೆ ತಂತಿ ಹಾಕಿ ಕೆಸರು ತೆಗೆಯಿರಿ. ಆ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ.