ಇಳಿಯುವುದು ಸೋಲಲ್ಲ



ಸೈಕಲ್ ಸ್ಪರ್ಧೆಯಲ್ಲಿ ಸವಾರನು ನಡುವೆಯೇ ಕೆಳಗಿಳಿದು, ಸೈಕಲನ್ನು ಹೆಗಲಿಗೇರಿಸಿಕೊಂಡು ಓಡುವುದನ್ನು ನೀವು ಕಂಡಿದ್ದೀರಾ? ಬೆಲ್ಜಿಯಂ, ನೆದರ್‌ಲೆಂಡ್ಸ್, ಫ್ರಾನ್ಸ್ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಹೊಲ, ತೋಪುಗಳ ಕೆಸರಿನಲ್ಲಿ ಇಂಥ ಸ್ಪರ್ಧೆಗಳು ನಡೆಯುತ್ತವೆ. ಇದರ ಹೆಸರು ಸೈಕ್ಲೋಕ್ರಾಸ್.

1902ರಲ್ಲಿ ಡೇನಿಯಲ್ ಗುಸ್ಸೋ ಎಂಬ ಸೈನಿಕನು ಫ್ರಾನ್ಸಿನಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ಏರ್ಪಡಿಸಿದನು. 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯನ್ನು ಗೆದ್ದವನು ಜಾನ್ ರೋಬಿಕ್. ಮಹಿಳೆಯರಿಗೆ ಈ ಅವಕಾಶ ದೊರೆತದ್ದು 2000ದಲ್ಲಿ.

ಮೊದಲ ಸಲ ಇದಕ್ಕಿಳಿಯುವವರು ಏನನ್ನು ಕಲಿಯಬೇಕು?

ಮೊದಲನೆಯದಾಗಿ, ದಾರಿಯನ್ನು ನೋಡಿಕೊಳ್ಳಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಒಂದು ಸುತ್ತು ಎರಡೂವರೆಯಿಂದ ಮೂರೂವರೆ ಕಿಲೋಮೀಟರು. ಅದರಲ್ಲಿ ಮರಳು, ದಿಣ್ಣೆ, ಮೆಟ್ಟಿಲು, 40 ಸೆಂಟಿಮೀಟರು ಎತ್ತರದವರೆಗಿನ ಅಡ್ಡಹಲಗೆಗಳು ಇರುತ್ತವೆ. ಎಲ್ಲಿ ಇಳಿಯಬೇಕೆಂಬುದನ್ನು ಮೊದಲೇ ತೀರ್ಮಾನಿಸಿರಿ.

ಎರಡನೆಯದಾಗಿ, ಟೈರಿನ ಗಾಳಿಯನ್ನು ತುಸು ಇಳಿಸಿರಿ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಕೆಸರಿನಲ್ಲಿ ಜಾರುತ್ತದೆ; ಮೆತ್ತಗಿರುವುದು ನೆಲವನ್ನು ಹಿಡಿಯುತ್ತದೆ. ತೀರಾ ಇಳಿಸಿದರೆ ಟ್ಯೂಬು ಕಲ್ಲಿಗೆ ಸಿಕ್ಕಿ ಒಡೆದೀತು.

ಮೂರನೆಯದಾಗಿ, ಇಳಿಯುವುದನ್ನು ಅಭ್ಯಾಸ ಮಾಡಿರಿ. ಸೈಕಲು ಚಲಿಸುತ್ತಿರುವಾಗಲೇ ಬಲಗಾಲನ್ನು ಸೀಟಿನ ಹಿಂದಿನಿಂದ ತಂದು ಎಡಕ್ಕೆ ಇಳಿಯಬೇಕು. ಚೈನು ಬಲಗಡೆ ಇರುವುದರಿಂದ ಎಡಕ್ಕೆ ಇಳಿಯುವುದೇ ಅನುಕೂಲ. ಚಕ್ರ ಹೂತುಹೋದ ಮೇಲೂ ಹಠದಿಂದ ತುಳಿಯುತ್ತಾ ಕೂತವನು ಹಿಂದೆ ಬೀಳುತ್ತಾನೆ. ಸಮಯಕ್ಕೆ ಇಳಿದು ಓಡಿದವನು ಮುಂದೆ ಹೋಗುತ್ತಾನೆ.

ಆದರೆ ಹೊಸಬರನ್ನು ತಡೆಯುವುದು ಕೆಸರಲ್ಲ. "ಕೊನೆಯವನಾದರೆ ಜನ ನಕ್ಕಾರು" ಎಂಬ ಅಂಜಿಕೆ. ಈ ಅಂಜಿಕೆಗೆ ಸ್ಪರ್ಧೆಯ ನಿಯಮವೇ ಉತ್ತರ ಕೊಡುತ್ತದೆ. ಇಲ್ಲಿ ದೂರಕ್ಕಿಂತ ಸಮಯವೇ ಮುಖ್ಯ. ನುರಿತ ಪುರುಷರಿಗೆ ಸುಮಾರು ಒಂದು ಗಂಟೆ, ಹೊಸಬರಿಗೆ ಅದಕ್ಕಿಂತ ಕಡಿಮೆ. ಮುಂದಿರುವವನ ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ತೀರಾ ಹಿಂದುಳಿದವರನ್ನು ಹೊರಗೆ ಕಳಿಸುವುದುಂಟು. ಹೊಸಬರ ಸ್ಪರ್ಧೆಗಳಲ್ಲಾದರೋ ಸಾಮಾನ್ಯವಾಗಿ ಒಂದೆರಡು ಸುತ್ತು ಹಿಂದೆ ಬಿದ್ದವರೂ ತಾವಿರುವ ಸುತ್ತನ್ನು ಮುಗಿಸಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಗುರಿ ಸೇರುತ್ತಾರೆ. ಖಾಲಿಯಾದ ಮೈದಾನಕ್ಕೆ ಒಬ್ಬಂಟಿಯಾಗಿ ಬರುವ ಅವಮಾನ ಇಲ್ಲಿಲ್ಲ.

ತಂದೆತಾಯಿಯರೇ, ನಿಮ್ಮ ಮಗನೋ ಮಗಳೋ ಯಾವುದೇ ಸ್ಪರ್ಧೆಯಿಂದ ಮೈಯೆಲ್ಲಾ ಕೆಸರಾಗಿ ಮನೆಗೆ ಬಂದಾಗ ಮೊದಲು ಏನು ಕೇಳುತ್ತೀರಿ? "ಎಷ್ಟನೆಯ ಸ್ಥಾನ?" ಎಂದೇ? "ಎಲ್ಲಿ ಇಳಿದೆ, ಮತ್ತೆ ಹೇಗೆ ಹತ್ತಿದೆ?" ಎಂದು ಕೇಳಿ ನೋಡಿರಿ. ಮೊದಲ ಪ್ರಶ್ನೆಗೆ ಉತ್ತರ ಒಂದೇ ಅಂಕಿಯಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಉತ್ತರ ಹೇಳುತ್ತಾ ಮಕ್ಕಳು ಊಟ ಮುಗಿಯುವವರೆಗೂ ನಿಮ್ಮೊಡನೆ ಕೂತಿರುತ್ತಾರೆ.